ಬ್ರೇಕು ಹುಡುಕಿಕೊಂಡು ಆಂಡರ್ಸನ್‌ಪೇಟೆಗೆ

ಧನುರ್ಮಾಸದ ಒಂದು ದಿನ, ಬಿಸಿಲು ಚೆನ್ನಾಗಿ ಏರಿದ ಮೇಲೆ, ನಾನೂ ನನ್ನ ಅಣ್ಣ ಪಿಳ್ಳಪ್ಪನೂ ಅವನ ಹಳೆಯ ಪಿಕಪ್ ಗಾಡಿಯಲ್ಲಿ ಬಂಗಾರಪೇಟೆಯಿಂದ ಚಿನ್ನದ ಗಣಿಯ ಕಡೆ ಹೊರಟೆವು. ಆಗಿನ್ನೂ ನಯಾಪೈಸೆ ಹೊಸದಾಗಿ ಬಂದಿತ್ತು, ನಮ್ಮ ಬಾಯಲ್ಲಿ ಮಾತ್ರ ಆಣೆಯ ಲೆಕ್ಕವೇ ಇತ್ತು. ರೈಲಿನಲ್ಲಿ ಹೋಗಿದ್ದರೆ ನಾಲ್ಕಾಣೆಯೊಳಗೆ ಮುಗಿದುಹೋಗುತ್ತಿತ್ತು, ಜೀವ ಕೈಯಲ್ಲಿ ಹಿಡಿದು ಕೂರುವ ಕಷ್ಟವೂ ಇರುತ್ತಿರಲಿಲ್ಲ. ಆದರೆ ಈ ಪ್ರಯಾಣ ಗಾಡಿಗಾಗಿಯೇ ಇದ್ದುದರಿಂದ ಗಾಡಿಯಲ್ಲೇ ಹೋಗಬೇಕಾಗಿತ್ತು.

ಹಿಂದಿನ ತಿಂಗಳು ಅಣ್ಣ ಬೆಳಗಿನ ಜಾವದಲ್ಲಿ ಗಣಿಯ ಪಕ್ಕದ ಆಂಡರ್ಸನ್‌ಪೇಟೆ ಸಂತೆಗೆ ಅವರೆಕಾಯಿ ಮೂಟೆ ಹೇರಿಕೊಂಡು ಹೋಗುತ್ತಿದ್ದ. ರಸ್ತೆಗೆ ಅಡ್ಡ ಬಂದ ನಾಯಿಗೆ ಒಮ್ಮೆ ಬ್ರೇಕು ತುಳಿದನಂತೆ, ಗಾಡಿ ನಿಧಾನವಾಯಿತಂತೆ. ಬಿಟ್ಟು, ತಿರುವಿನಲ್ಲಿ ಮತ್ತೆ ತುಳಿದರೆ ಪೆಡಲ್ ಕಾಲಡಿಯ ಹಲಗೆಯವರೆಗೂ ಹಾಗೇ ಇಳಿದುಹೋಯಿತಂತೆ. ಎದುರಿಗೆ ರಾತ್ರಿ ಪಾಳಿ ಮುಗಿಸಿಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದ ಪೆರುಮಾಳ್ ಎಂಬ ಗಣಿ ಕೆಲಸಗಾರನಿದ್ದ. ಅವನ ಎಡಗಾಲನ್ನು ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಆ ದಿನ ಮಧ್ಯಾಹ್ನ ಪೊಲೀಸಿನವರ ಮುಂದೆ ಎಷ್ಟೋ ಜನ ಆ ಪೆಡಲನ್ನು ತುಳಿದು ನೋಡಿದರು. ಕಲ್ಲು ತುಳಿದ ಹಾಗೆ ಗಟ್ಟಿಯಾಗಿತ್ತು. ಅಂದಿನಿಂದ ಎಲ್ಲರ ಬಾಯಲ್ಲೂ ಒಂದೇ ಮಾತು, ಪಿಳ್ಳಪ್ಪ ನಿದ್ದೆ ಮಾಡಿದ, ಈಗ ತಪ್ಪನ್ನು ಬ್ರೇಕಿನ ಮೇಲೆ ಹಾಕುತ್ತಿದ್ದಾನೆ ಎಂದು. ಪೆರುಮಾಳನ ಹೆಂಡತಿ ಕನ್ನಿಯಮ್ಮ ಆಸ್ಪತ್ರೆಯ ಬಾಗಿಲಲ್ಲೇ ಅವನನ್ನು ಸುಳ್ಳುಗಾರ ಎಂದಿದ್ದಳು. ಅಣ್ಣನಿಗೆ ಅನ್ನ ಸೇರದೆ ಹೋಯಿತು. ಪೆರುಮಾಳನ ಎದುರು ನಿಂತು 'ನಾನು ಮಲಗಿರಲಿಲ್ಲ' ಎಂದರೆ ಆತ ನಂಬಬೇಕು, ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಅದಕ್ಕೆ ರಾಬರ್ಟ್‌ಸನ್‌ಪೇಟೆಯ ಮೆಕ್ಯಾನಿಕ್ ಖಾದರ್ ಸಾಬರಿಂದ ದೋಷ ಕಂಡುಹಿಡಿಸಿ, ಅವರ ಬಾಯಲ್ಲೇ ಹೇಳಿಸಬೇಕೆಂದು ಹೊರಟಿದ್ದ.

ನಾನೇಕೆ ಹೋದೆ ಎಂದರೆ, ಬ್ರೇಕು ನೋಡುವಾಗ ಒಬ್ಬರು ಗಾಡಿಯ ಕೆಳಗೆ ಮಲಗಬೇಕು, ಒಬ್ಬರು ಮೇಲೆ ಕೂತು ಪೆಡಲ್ ತುಳಿಯಬೇಕು. ಅಣ್ಣನ ಜೊತೆ ಬರಲು ಸ್ನೇಹಿತರು ಯಾರೂ ಒಪ್ಪಲಿಲ್ಲ. ನಾನು ಹೊಲಿಗೆಯವಳು, ದಿನವೆಲ್ಲ ಕಾಲಿನಲ್ಲಿ ಮಿಷನ್ ತುಳಿಯುವವಳು. "ನಿಂಗೆ ತುಳಿಯೋ ಅಭ್ಯಾಸ ಐತಲ್ಲ, ಬಾರೇ ಸರೋಜ" ಎಂದು ಕರೆದ. ನಗಿಸಲು ಹೇಳಿದ ಮಾತೇ, ಆದರೆ ಹೇಳಿದವನಿಗೇ ನಗು ಬರಲಿಲ್ಲ.

ಹತ್ತು ಮೈಲಿಗೂ ಕಡಿಮೆ ಇರುವ ಆ ದಾರಿಗೆ ನಮಗೆ ಬಹಳ ಹೊತ್ತು ಹಿಡಿಯಿತು. ಅಣ್ಣ ಎರಡನೇ ಗೇರ್ ಬಿಟ್ಟು ಮೇಲೆ ಹೋಗಲಿಲ್ಲ, ಒಂದು ಕೈ ಸದಾ ಹ್ಯಾಂಡ್ ಬ್ರೇಕಿನ ಮೇಲೇ ಇತ್ತು. ಎತ್ತಿನ ಗಾಡಿಯವರೂ ನಮ್ಮನ್ನು ದಾಟಿಕೊಂಡು ಹೋದರು. ರಾಗಿ ಕೊಯ್ದ ಹೊಲಗಳ ಬದುವಿನಲ್ಲಿ ಹರಳು ಗಿಡಗಳು ಕಾಯಿ ಬಿಟ್ಟು ನಿಂತಿದ್ದವು. ಸ್ವಲ್ಪ ದೂರ ಹೋದ ಮೇಲೆ ಚಿನ್ನ ತೆಗೆದು ಸುರಿದ ಗಣಿಯ ಬೂದು ಮಣ್ಣಿನ ಸೈನೈಡ್ ದಿಬ್ಬಗಳು ಕಂಡವು. ಅಣ್ಣ ಪ್ರತಿ ತಿರುವಿನಲ್ಲೂ ಬ್ರೇಕು ತುಳಿದು ನೋಡುತ್ತಿದ್ದ, ಪ್ರತಿ ಸಲವೂ ಅದು ಹಿಡಿಯುತ್ತಿತ್ತು. ಬ್ರೇಕು ಹಿಡಿದರೆ ಮುಖ ಸಪ್ಪಗಾಗುವ ಡ್ರೈವರನ್ನು ನಾನು ನೋಡಿದ್ದು ಅದೇ ಮೊದಲು.

ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಹಿಂದೆ ಖಾದರ್ ಸಾಬರ ಗ್ಯಾರೇಜು. ಅರವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಅಣ್ಣ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಗೋಣಿಚೀಲ ಹಾಸಿ ಗಾಡಿಯ ಕೆಳಗೆ ನುಗ್ಗಿದರು. ನಾನು ಸೀಟಿನಲ್ಲಿ ಕೂತೆ.

"ಒತ್ತಿ ಅಮ್ಮ. ಹಿಡ್ಕೊಳ್ಳಿ. ಬಿಡಿ."

ಮಧ್ಯಾಹ್ನವೆಲ್ಲ ಅದೇ ನಡೆಯಿತು. ನಾಲ್ಕು ಚಕ್ರ ಬಿಚ್ಚಿದರು, ಎಲ್ಲೂ ಬ್ರೇಕಿನ ಎಣ್ಣೆ ಸೋರಿರಲಿಲ್ಲ. ಪೈಪುಗಳನ್ನು ಬಟ್ಟೆಯಿಂದ ಒರೆಸಿ ನೋಡಿದರು, ಬಿರುಕಿರಲಿಲ್ಲ. ಪೈಪಿನಲ್ಲಿ ಗಾಳಿ ಸೇರಿದ್ದರೆ ಪೆಡಲ್ ಹೀಗೆ ಇಳಿಯುತ್ತದೆ ಎಂದು ಒಂದೊಂದೇ ಚಕ್ರದ ತಿರುಪು ಸಡಿಲಿಸಿ ಎಣ್ಣೆ ಹರಿಸಿದರು, ಒಂದು ಗುಳ್ಳೆಯೂ ಬರಲಿಲ್ಲ. ಪೆಡಲ್ ಒತ್ತಿ ಹಿಡಿದು ಕೂರಿ ಎಂದರು. ನನ್ನ ಕಾಲು ಜೋಮು ಹಿಡಿದರೂ ಅದು ಕೂದಲೆಳೆಯಷ್ಟೂ ಕೆಳಗೆ ಇಳಿಯಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಸಾಬರು ಎದ್ದು ಕೈ ಒರೆಸಿಕೊಂಡರು. "ಪಿಳ್ಳಪ್ಪ, ನಾನು ಇಲ್ಲದ್ದು ಹೇಳಲ್ಲ. ಗಾಡಿ ಚೆನ್ನಾಗಿದೆ."

"ಇಳೀತು ಸಾಬ್ರೇ. ನನ್ನ ಕಾಲಿಗೆ ಗೊತ್ತಲ್ಲ."

"ಇಳಿದಾಗ ತಗೊಂಡು ಬಾ. ಇಳೀದೇ ಇರೋದನ್ನ ನಾನು ಎಲ್ಲಿ ಹುಡುಕಲಿ?"

ಆ ಗಳಿಗೆಯಲ್ಲಿ ನನಗೂ ಅಣ್ಣ ನಿದ್ದೆ ಮಾಡಿದ್ದನೆಂದೇ ಅನ್ನಿಸಿತು. ಅನ್ನಿಸಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಗುಣ ನನ್ನದಲ್ಲ. ಗಾಡಿ ಹತ್ತಿದ ಮೇಲೆ, "ಒಂದು ಗಳಿಗೆ ಕಣ್ಣು ಮುಚ್ಚಿದ್ರೂ ಮುಚ್ಚಿರಬಹುದು ಕಣಣ್ಣ, ಮನುಷ್ಯ ತಾನೆ" ಎಂದೆ. ಅವನು ನನ್ನ ಕಡೆ ತಿರುಗಲಿಲ್ಲ. "ನೀನೂ ಆಂಗೇ ಅಂತೀಯಾ" ಎಂದಷ್ಟೇ ಹೇಳಿದ.

ಆ ರಾತ್ರಿ ಗಣಿ ಕೆಲಸಗಾರರ ಕೋರಮಂಡಲ್ ಕಾಲೊನಿಯ ಲೈನ್ ಮನೆಯಲ್ಲಿ ನಮ್ಮ ಚಿಕ್ಕಮ್ಮನ ಹತ್ತಿರ ಉಳಿದೆವು. ಇಡೀ ಸಾಲಿಗೆ ಒಂದೇ ನಲ್ಲಿ, ತಗಡಿನ ಮಾಡು, ಇಬ್ಬರು ಕಾಲು ಚಾಚಿದರೆ ಗೋಡೆ ಸಿಗುವ ಮನೆ. ಬಿಸಿ ಮುದ್ದೆಗೆ ಹಿಚುಕಿದ ಅವರೆಬೇಳೆ ಸಾರು ಮಾಡಿದ್ದರು. ನಾನು ಎರಡು ಸಲ ಸಾರು ಬಡಿಸಿಕೊಂಡೆ, ಅಣ್ಣ ಮುದ್ದೆ ಮುರಿದು ಹಾಗೇ ಬಿಟ್ಟ. ನೆಲದ ಥಂಡಿ ಚಾಪೆ ದಾಟಿ ಬೆನ್ನಿಗೆ ಹತ್ತುತ್ತಿತ್ತು.

ಬೆಳಕು ಹರಿಯುವ ಮೊದಲೇ ಅಣ್ಣ ನನ್ನನ್ನು ಎಬ್ಬಿಸಿದ. ಜನ ಎದ್ದು ಮಾತಾಡಿಸುವ ಮುಂಚೆ ಊರು ಸೇರಬೇಕೆಂಬುದು ಅವನ ಆಸೆ. ಗಾಡಿ ರಾತ್ರಿಯೆಲ್ಲ ಬಯಲಿನಲ್ಲಿ, ಸ್ವಲ್ಪ ಇಳಿಜಾರಿನಲ್ಲಿ ನಿಂತಿತ್ತು. ಅದರ ಮೈಮೇಲೆ ಇಬ್ಬನಿ ಹರಿಯುತ್ತಿತ್ತು. ಹ್ಯಾಂಡ್ ಬ್ರೇಕಿನ ಮೇಲೆ ಪೂರ್ತಿ ನಂಬಿಕೆ ಇಲ್ಲದ ಕಾರಣ, ತಾನು ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಇಂಜಿನ್ ಹೊತ್ತಿಸುವವರೆಗೆ ನೀನು ಬ್ರೇಕು ತುಳಿದಿರು ಎಂದ. ನಾನು ಹತ್ತಿ ಕೂತು ತುಳಿದೆ, ಹಿಡಿಯಿತು. ಅವನು ಚಕ್ರಕ್ಕೆ ಕೊಟ್ಟಿದ್ದ ಕಲ್ಲು ತೆಗೆದು, ಹ್ಯಾಂಡಲ್ ಹಿಡಿದು ಮುಂದೆ ನಿಂತ. ಸೆರಗು ಸಿಕ್ಕಿಹಾಕಿಕೊಂಡಿತೆಂದು ನಾನು ಒಂದು ಕ್ಷಣ ಕಾಲು ತೆಗೆದು ಮತ್ತೆ ತುಳಿದೆ.

ಕಾಲಿನ ಕೆಳಗೆ ಏನೂ ಇರಲಿಲ್ಲ. ಪೆಡಲ್ ಹಲಗೆಗೆ ಹೋಗಿ ಬಡಿಯಿತು. ಗಾಡಿ ಸದ್ದಿಲ್ಲದೆ ಅಣ್ಣನ ಮೇಲೆ ಇಳಿಯತೊಡಗಿತು. ಅವನು ಪಕ್ಕಕ್ಕೆ ಹಾರಿಕೊಂಡ, ಮುಂದಿನ ಚಕ್ರ ಚರಂಡಿಯ ಕಲ್ಲಿಗೆ ತಗುಲಿ ನಿಂತಿತು.

ಅಣ್ಣ ಎದ್ದು ಬಂದು ಕಿಟಕಿ ಹಿಡಿದು ನಿಂತ. ಮೊಣಕೈ ತರಚಿ ರಕ್ತ ಬರುತ್ತಿತ್ತು. "ಇಳೀತಾ? ನಿಂಗೂ ಇಳೀತಾ ಸರೋಜ?" ಎಂದು ಕೇಳಿದ. ಅವನ ಕಣ್ಣಲ್ಲಿ ನೀರು, ಮುಖದಲ್ಲಿ ನಗು. ಸಾಯುವುದರಿಂದ ತಪ್ಪಿಸಿಕೊಂಡದ್ದು ಅವನಿಗೆ ನೆನಪೇ ಇದ್ದಂತಿರಲಿಲ್ಲ. ಹಿಂದಿನ ಸಂಜೆ ನಾನಾಡಿದ ಮಾತಿಗೆ ನನಗೆ ನಾಚಿಕೆಯಾಯಿತು.

ಚಕ್ರಕ್ಕೆ ಕಲ್ಲು ಕೊಡಿಸಿ, ನಿಧಾನವಾಗಿ ಮತ್ತೆ ತುಳಿದು ನೋಡಿದೆ. ಬಿಟ್ಟು ಸ್ವಲ್ಪ ಹೊತ್ತು ಕಾದು ತುಳಿದರೆ ಹಿಡಿಯುತ್ತಿತ್ತು. ಬಿಟ್ಟ ಕೂಡಲೇ ತುಳಿದರೆ ತಳಕ್ಕೆ ಹೋಗುತ್ತಿತ್ತು. ಮೇಲೆ ಬರುವಾಗಲೂ ಅದು ಸೋಮಾರಿಯಾಗಿ ಬರುತ್ತಿತ್ತು. ಈ ಸೋಮಾರಿತನ ನನ್ನ ಕಾಲಿಗೆ ಪರಿಚಯವಿದ್ದದ್ದೇ. ಮಿಷನ್ನಿಗೆ ಅಂಗಡಿಯ ಎಣ್ಣೆ ಮುಗಿದಾಗ ನಾನು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಬಿಟ್ಟಿದ್ದುಂಟು. ಚಳಿಗಾಲದ ಬೆಳಿಗ್ಗೆ ಅದು ಹೆಪ್ಪುಗಟ್ಟಿ ಚಕ್ರ ಹೀಗೇ ಏಳುತ್ತಿರಲಿಲ್ಲ. ಬಿಸಿಲು ಬಿದ್ದ ಮೇಲೆ ತನ್ನಷ್ಟಕ್ಕೆ ಸರಿಹೋಗುತ್ತಿತ್ತು.

"ಅಣ್ಣ, ಇದಕ್ಕೆ ಯಾವ ಎಣ್ಣೆ ಆಕಿದೀಯ?"

"ಅಳ್ಳೆಣ್ಣೆ. ಮನೇಲಿ ಕಾಯಿಸಿದ್ದು, ಒಳ್ಳೇದು. ಅಂಗಡಿ ಡಬ್ಬೀಲಿ ಬರೋದೂ ಅದೇ ಅಲ್ವಾ, ವಾಸನೆ ನೋಡಿದ್ರೆ ಗೊತ್ತಾಯ್ತದೆ."

ಅಣ್ಣ ಗಾಡಿ ಕೊಳ್ಳುವ ಮುಂಚೆ ಎತ್ತಿನ ಗಾಡಿ ಹೊಡೆಯುತ್ತಿದ್ದವನು. ಇರುಸಿಗೆ ಕೀಲೆಣ್ಣೆ ಹಾಕದೆ ಊರು ಬಿಡುವವನಲ್ಲ, ಆ ಕೀಲೆಣ್ಣೆಯೂ ನಮ್ಮ ಹೊಲದ ಹರಳಿನದೇ. ಅದೇ ಶ್ರದ್ಧೆಯಲ್ಲಿ ಬ್ರೇಕಿನ ಎಣ್ಣೆ ಕಡಿಮೆಯಾದಾಗಲೆಲ್ಲ ಮನೆಯ ಹರಳೆಣ್ಣೆ ತುಂಬಿಸಿದ್ದ. ನಾನು ಮಿಷನ್ನಿನ ವಿಷಯ ಹೇಳಿದೆ. ಅವನು ಕೇಳುತ್ತ ಕೇಳುತ್ತ ಕಿಟಕಿಯಿಂದ ಕೈ ತೆಗೆದ. ಮುಖದ ನಗು ಎಲ್ಲಿ ಹೋಯಿತೋ ಕಾಣೆ. ಚರಂಡಿಯ ಕಲ್ಲಿನ ಮೇಲೆ ಕೂತುಬಿಟ್ಟ.

ಚಿಕ್ಕಮ್ಮನ ಪಕ್ಕದ ಮನೆಯವರ ಸೈಕಲ್ಲಿನಲ್ಲಿ ಹೋಗಿ ಅಣ್ಣ ಖಾದರ್ ಸಾಬರನ್ನು ಕರೆತಂದ, ಚಳಿ ಬಿಡುವ ಮುಂಚೆ ಅವರು ನೋಡಬೇಕಲ್ಲ. ಸಾಬರು ಮಫ್ಲರ್ ಸುತ್ತಿಕೊಂಡು ಬಂದರು. ಕಾಲಡಿಯ ಹಲಗೆ ಎತ್ತಿ, ಎಣ್ಣೆ ಇರುವ ಪಾತ್ರೆಯ ಮುಚ್ಚಳ ತಿರುಗಿಸಿ, ಕಡ್ಡಿ ಅದ್ದಿ ಮೇಲೆತ್ತಿದರು. ಎಣ್ಣೆ ಜೋನಿಬೆಲ್ಲದ ಹಾಗೆ ಎಳೆಯಾಗಿ ಇಳಿಯಿತು.

"ಡಬ್ಬೀಲೂ ಹರಳೆಣ್ಣೆ ಇರೋದು ನಿಜ" ಎಂದರು. "ಆದ್ರೆ ಚಳಿಗೆ ಗಟ್ಟಿ ಆಗಬಾರ್ದು ಅಂತ ಸ್ಪಿರಿಟ್ ಬೆರೆಸಿರ್ತಾರೆ. ನೀನು ಕಾಲು ಬಿಟ್ಟಾಗ ಈ ಸಣ್ಣ ತೂತಿನಿಂದ ಎಣ್ಣೆ ವಾಪಸ್ ತುಂಬಬೇಕು. ಇಷ್ಟು ಮಂದ ಇದ್ರೆ ಎಲ್ಲಿ ತುಂಬತ್ತೆ? ಒಳಗೆ ಖಾಲಿ. ಎರಡನೇ ಸಲ ನೀನು ತುಳಿಯೋದು ಖಾಲೀನ. ನಿನ್ನೆ ಬಿಸಿಲಲ್ಲಿ ಸಲೀಸಾಗಿ ಹರೀತು, ವಾಸನೇನೂ ಅದೇ. ನನಗೂ ಹೊಳೀಲಿಲ್ಲ."

ಗಾಡಿಯನ್ನು ಮೆಲ್ಲಗೆ ಗ್ಯಾರೇಜಿಗೆ ಸಾಗಿಸಿ, ಹಳೆಯ ಎಣ್ಣೆಯನ್ನೆಲ್ಲ ಇಳಿಸಿ, ಸ್ಪಿರಿಟ್ಟಿನಲ್ಲಿ ತೊಳೆದು, ರಬ್ಬರುಗಳನ್ನು ಬದಲಾಯಿಸಿ, ಡಬ್ಬಿಯ ಎಣ್ಣೆ ತುಂಬಿಸುವ ಹೊತ್ತಿಗೆ ಊಟದ ಸಮಯ ಮೀರಿತ್ತು. ಸಾಬರು ಅಣ್ಣನ ಹೆಗಲ ಮೇಲೆ ಕೈಯಿಟ್ಟರು. "ಪೆಡಲ್ ಇಳೀತಾ ಇತ್ತು ಅಂತ ನಾನು ಬಂದು ಪೆರುಮಾಳಿಗೆ ಹೇಳ್ತೀನಿ. ಅದು ಸತ್ಯಾನೇ. ಯಾಕೆ ಇಳೀತು ಅಂತ ಅವನು ಕೇಳಲ್ಲ."

ಇದಕ್ಕಾಗಿಯೇ ಅಲ್ಲವೇ ನಾವು ಬಂದದ್ದು. ಒಪ್ಪಿಕೋ ಎಂದು ನಾನು ಕಣ್ಣಲ್ಲೇ ಹೇಳಿದೆ. ಅಣ್ಣ ಕೈಯ ಜಿಡ್ಡು ಒರೆಸಿಕೊಂಡ.

"ಬ್ಯಾಡಿ ಸಾಬ್ರೇ" ಎಂದ. "ನಾನೇ ಓಗಿ ಯೋಳ್ತೀನಿ."

ಆಂಡರ್ಸನ್‌ಪೇಟೆಯ ಸಣ್ಣ ಮನೆಯ ಮುಂದೆ ಪೆರುಮಾಳ್ ಹಗ್ಗದ ಮಂಚದ ಮೇಲೆ ಕೂತಿದ್ದ. ಕಾಲಿನ ಮೇಲೆ ಪಂಚೆ ಹೊದಿಸಿತ್ತು. ಎಡಗಡೆ ಪಂಚೆ ಚಪ್ಪಟೆಯಾಗಿತ್ತು, ನಾನು ಅತ್ತ ನೋಡಬಾರದೆಂದುಕೊಂಡೇ ನೋಡಿದೆ. ಕನ್ನಿಯಮ್ಮ ಬಾಗಿಲಲ್ಲಿ ನಿಂತು, "ಮತ್ತೆ ಬ್ರೇಕ್ ಕಥೆ ಹೇಳಕ್ಕೆ ಬಂದ್ಯಾ?" ಎಂದಳು.

"ಊಂ ಅಮ್ಮ" ಎಂದ ಅಣ್ಣ. "ಬ್ರೇಕೇ ಓಗಿದ್ದು. ಆದ್ರೆ ಅದನ್ನ ಕೆಡಿಸಿದ್ದು ನಾನು." ಹರಳೆಣ್ಣೆ, ಚಳಿ, ತೂತು, ಎಲ್ಲವನ್ನೂ ತಡವರಿಸುತ್ತ ಹೇಳಿದ. ತನ್ನ ಕೈಯಾರೆ ಸುರಿದೆ ಎಂಬುದನ್ನು ಮಾತ್ರ ತಡವರಿಸದೆ ಹೇಳಿದ. ಕನ್ನಿಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು, ನಾವಿರುವವರೆಗೂ ಹೊರಗೆ ಬರಲಿಲ್ಲ.

ಪೆರುಮಾಳ್ ಕೊನೆಯವರೆಗೂ ಕೇಳಿಸಿಕೊಂಡ. ಬೈಯುತ್ತಾನೆ, ಇಲ್ಲವೇ ಹೋಗಲಿ ಬಿಡು ಎನ್ನುತ್ತಾನೆ ಎಂದು ನಾನು ಕಾಯುತ್ತಿದ್ದೆ. ಅವನು ಎರಡನ್ನೂ ಮಾಡಲಿಲ್ಲ.

"ಆ ಎಣ್ಣೆ ಇನ್ನೂ ಎಷ್ಟು ಗಾಡೀಲಿ ಇದೆ?" ಎಂದ, ತಮಿಳು ಬೆರೆತ ಕನ್ನಡದಲ್ಲಿ.

ಅಣ್ಣ ತಬ್ಬಿಬ್ಬಾದ. "ಬಂಗಾರ್ಪೇಟೇಲಿ ಸುಮಾರು ಜನ ಆಕ್ತಾರೆ."

"ಸೆರಿ. ಗಣಿ ಒಳಗೆ ಕಲ್ಲು ಬಿದ್ರೆ ನಾವು ತಪ್ಪು ಯಾರ್ದು ಅಂತ ಆಮೇಲೆ ಕೇಳ್ತೀವಿ. ಒಳಗೆ ಇನ್ನೂ ಯಾರು ಇದ್ದಾರೆ ಅಂತ ಮೊದಲು ಕೇಳ್ತೀವಿ. ನಾಳೆ ಬೆಳಿಗ್ಗೆ ನಮ್ಮವರು ಪಾಳಿ ಮುಗಿಸಿ ಇದೇ ರೋಡಲ್ಲಿ ಬರ್ತಾರೆ. ನೀನು ಇಲ್ಲಿ ಯಾಕೆ ನಿಂತಿದ್ದೀಯ?"

ಅಣ್ಣ ಕೈಮುಗಿದ. ಪೆರುಮಾಳ್ ಕೈಮುಗಿಯಲಿಲ್ಲ, ಹೊರಡು ಎಂದು ರಸ್ತೆಯ ಕಡೆ ತಲೆ ಆಡಿಸಿದ.

ಹಿಂದಿರುಗುವಾಗ ಬ್ರೇಕು ತುಳಿದಷ್ಟು ಸಲವೂ ಹಿಡಿಯಿತು. ಬಂಗಾರಪೇಟೆಯ ರೈಲ್ವೆ ಸ್ಟೇಷನ್ನಿನ ಮುಂದಿನ ಬಯಲಿಗೆ ಬಂದಾಗ ಸಂಜೆ ಬೆಳಕಿತ್ತು. ಮಾರನೆಯ ಸಂತೆಗೆ ತರಕಾರಿ ತುಂಬುವ ಗಾಡಿಗಳು ಸಾಲಾಗಿ ನಿಂತಿದ್ದವು. ಅಣ್ಣನನ್ನು ಕಂಡು ಕೆಲವರು ಬೇಕೆಂದೇ ಬೆನ್ನು ತಿರುಗಿಸಿದರು. ಅವನು ಮೊದಲನೆಯ ಗಾಡಿಯ ಹತ್ತಿರ ಹೋಗಿ ಅದರ ಡ್ರೈವರ್ ಕಿಟ್ಟಪ್ಪನನ್ನು ಕೇಳಿದ.

"ಬ್ರೇಕಿಗೆ ಯಾವ ಎಣ್ಣೆ ಆಕಿದೀಯ ಕಿಟ್ಟಪ್ಪ?"

"ಅಳ್ಳೆಣ್ಣೆ. ಯಾಕಣ್ಣ? ನೀನೇ ಅಲ್ವಾ ಯೋಳಿಕೊಟ್ಟಿದ್ದು?"

ನಾನೇ ಮುಂದೆ ಹೋಗಿ ಮಾತು ತೆಗೆಯೋಣವೆಂದರೆ ಅಣ್ಣ ಕೈ ಅಡ್ಡ ಹಿಡಿದ.

"ಊಂ, ನಾನೇ" ಎಂದ. "ಅದ್ರಿಂದ್ಲೇ ಪೆರುಮಾಳನ ಕಾಲು ಓಯ್ತು. ಅಲಗೆ ಎತ್ತು, ತೋರಿಸ್ತೀನಿ."

ಕಿಟ್ಟಪ್ಪ ಹಲಗೆ ಎತ್ತಿದ. ಅಣ್ಣ ಎಣ್ಣೆಯ ಪಾತ್ರೆಯನ್ನೂ ಅದರೊಳಗಿನ ಸಣ್ಣ ತೂತನ್ನೂ ತೋರಿಸಿದ. ಆಮೇಲೆ ಎದ್ದು, ಬೆನ್ನು ತಿರುಗಿಸಿ ನಿಂತಿದ್ದವರ ಗಾಡಿಯ ಕಡೆ ನಡೆದ.