ಹೆಚ್ಚಿದ ಬಳೆ

ನಮ್ಮ ಅತ್ತೆಯ ಮನೆಯಲ್ಲಿ ಬಳೆ ಒಡೆಯುತ್ತಿರಲಿಲ್ಲ, ‘ಹೆಚ್ಚುತ್ತಿತ್ತು’. ಒಡೆಯಿತು ಎಂಬ ಮಾತು ಮುತ್ತೈದೆಯ ಬಾಯಲ್ಲಿ ಬರಕೂಡದು. ಐವತ್ತರ ದಶಕದ ಕೊನೆಗೆ ನಾನು ಮದುವೆಯಾಗಿ ಕಳ್ಳಂಬೆಳ್ಳದ ಪಕ್ಕದ ಆ ಮನೆಗೆ ಹೋದ ವಾರವೇ ನನ್ನೆರಡು ಬಳೆ ಬಾವಿಕಟ್ಟೆಗೆ ತಗುಲಿ ಚೂರಾದವು. ‘ಒಡೆದವು’ ಅಂದೆ. ಅತ್ತೆ ಬಾಯಿ ತೊಳೆದುಕೊಂಡು ಬಾ ಎಂದು ಕಳಿಸಿದರು. ಅಂದಿನಿಂದ ಕೆಟ್ಟ ಮಾತು ಆಡದ ಒಳ್ಳೆಯ ಸೊಸೆಯಾದೆ.

ಹಿರಿಯ ಸೊಸೆ ನನ್ನ ಓರಗಿತ್ತಿ. ಅಕ್ಕ ಅನ್ನುತ್ತಿದ್ದೆ. ಮದುವೆಯಾಗಿ ಹದಿನೈದು ವರ್ಷವಾದರೂ ಅವಳಿಗೆ ಮಕ್ಕಳಿರಲಿಲ್ಲ. ಹನ್ನೆರಡು ಜನರ ಮುದ್ದೆಯನ್ನು ಒಬ್ಬಳೇ ಕಟ್ಟುತ್ತಿದ್ದವಳಿಗೆ ಒಂದು ಚಳಿಗಾಲದಲ್ಲಿ ಎರಡೂ ಅಂಗೈ ಊದಿ ಬಿಗಿದುಕೊಂಡವು. ಬೆರಳು ಮಡಚಲು ಬರುತ್ತಿರಲಿಲ್ಲ. ಮುದ್ದೆ ಕಟ್ಟುವ ಕೆಲಸ ನನ್ನ ತಲೆಗೆ ಬಂತು. ‘ಎಲ್ಲ ಸೋಗು’ ಎಂದು ಗಂಡನ ಹತ್ತಿರ ಚಾಡಿ ಹೇಳಿದೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅತ್ತೆಗೆ ಗೊತ್ತಿದ್ದ ರೋಗ ಒಂದೇ, ವಾಯು. ತಲೆನೋವೂ ವಾಯು, ಮಂಡಿನೋವೂ ವಾಯು, ಮಾವನವರ ಸಿಟ್ಟೂ ವಾಯು. ಅಕ್ಕನಿಗೆ ಹರಳೆಣ್ಣೆ ತಿಕ್ಕಿ, ಲಕ್ಕಿಸೊಪ್ಪಿನ ಶಾಖ ಕೊಟ್ಟು, ಆಲೂಗಡ್ಡೆ ತಿನ್ನುವುದನ್ನು ಬಿಡಿಸಿದರು. ಕೈ ಬಗ್ಗಲಿಲ್ಲ.

ಅಷ್ಟರಲ್ಲಿ ಅಕ್ಕನ ಮುಟ್ಟು ನಿಂತು ಹೊಟ್ಟೆ ಮುಂದಕ್ಕೆ ಬಂತು. ವಾಯು ಆ ದಿನವೇ ಮನೆ ಬಿಟ್ಟು ಹೋಯಿತು.

“ಬಸುರಿ ಕೈ ಊದ್ದೆ ಇನ್ಯಾರ್ ಕೈ ಊದ್ತೈತೆ?” ಎಂದು ಅತ್ತೆ ಊರೆಲ್ಲ ಬೆಲ್ಲ ಹಂಚಿ, ಬಳೆ ತೊಡಿಸುವ ಶಾಸ್ತ್ರಕ್ಕೆ ಸಿರಾದ ಬಳೆ ಸಾಬರನ್ನು ಕರೆಸಿದರು. ಮೂವತ್ತು ವರ್ಷದಿಂದ ನಮ್ಮೂರ ಹೆಂಗಸರ ಕೈ ಹಿಡಿದು ಬಳೆ ತೊಡಿಸಿದವರು. ಆ ಕೈಗಳ ಪರಿಚಯ ಗಂಡಂದಿರಿಗೂ ಅಷ್ಟಿರಲಿಲ್ಲ.

ಸಾಬರು ಅಕ್ಕನ ಅಂಗೈಯನ್ನು ಒತ್ತಿ ಹೆಬ್ಬೆರಳು ಮಡಚಲು ನೋಡಿದರು. ಎರಡು ಹಸಿರು ಬಳೆ ಹೆಚ್ಚಿದವು. ಮೂರನೆಯದನ್ನು ಅವರು ಗಂಟಿನಿಂದ ತೆಗೆಯಲಿಲ್ಲ.

“ಬಸುರಿ ಕೈ ನಂಗೊತ್ತು ಕಣವ್ವಾ. ಊದಿದ್ರೂ ಮೆತ್ತಗಿರ್ತೈತೆ. ಇದು ಒಳಗೇ ಗಟ್ಟಿಯಾಗೈತೆ. ಬಳೆ ಆಮೇಲಿಕ್ಕಾನ, ಮೊದ್ಲು ಆಸ್ಪತ್ರೆಗೆ ಕರ್ಕೊಂಡೋಗಿ.”

“ಏನ್ ಸಾಬಣ್ಣ, ಬಳೆ ಇಕ್ಕಾಕೆ ಬಂದು ನಾಡಿ ನೋಡ್ತೀಯಾ? ಅಪಶಕುನ ನುಡೀಬ್ಯಾಡ, ಎದ್ದೋಗು,” ಎಂದು ಅತ್ತೆ ಅವರನ್ನು ಎಬ್ಬಿಸಿದರು.

ಅಕ್ಕ ನನ್ನ ಕಡೆ ತಿರುಗಿ, “ಸಾಬಣ್ಣ ಹೇಳಿದ್ದು ದಿಟ ಇರಬೋದಾ?” ಅಂದಳು.

“ಸುಮ್ಕಿರಕ್ಕ,” ಎಂದು ನಕ್ಕುಬಿಟ್ಟೆ.

ಮುಂದಿನ ವಾರ ಮಧುಗಿರಿಯಿಂದ ಬೇರೆ ಬಳೆಗಾರ ಬಂದ. ಎರಡು ಅಳತೆ ದೊಡ್ಡ ಬಳೆ ತಂದಿದ್ದ. ಸಲೀಸಾಗಿ ಹತ್ತಿದವು. ಬಳೆ ಹತ್ತಿದ ಮೇಲೆ ಕೈಗೆ ಇನ್ನೇನು ಕಾಯಿಲೆ? ಮನೆಯವರೆಲ್ಲ ಸಮಾಧಾನವಾಗಿ ಹೋಳಿಗೆ ಉಂಡೆವು. ನಾನು ಎರಡು ಸಲ ಬಡಿಸಿಕೊಂಡೆ.

ಎರಡು ತಿಂಗಳಿಗೆ ಅಕ್ಕ ಊಟ ಬಿಟ್ಟಳು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಭಾವ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ನಾಲ್ಕನೆಯ ದಿನ ಅವರ ಕಾರ್ಡು ಬಂತು. ಮನೆಯ ಹೆಂಗಸರಲ್ಲಿ ಓದು ಬರುತ್ತಿದ್ದವಳು ನಾನೊಬ್ಬಳೇ.

‘ಗರ್ಭವಲ್ಲ, ಹೊಟ್ಟೆಯಲ್ಲಿ ಕ್ಯಾನ್ಸರ್ ಗಡ್ಡೆಯಂತೆ. ಡಾಕ್ಟರು ಮೊದಲು ನೋಡಿದ್ದೇ ಕೈಯನ್ನು. ಈ ಗಡ್ಡೆಗೆ ಕೆಲವರ ಅಂಗೈ ಬಿಗಿಯುತ್ತದಂತೆ, ಬಿಗಿದಾಗಲೇ ಒಳಗಿತ್ತಂತೆ, ಆಗಲೇ ಯಾಕೆ ತರಲಿಲ್ಲ ಎಂದು ಬೈದರು. ಈಗ ತುಂಬ ಹೆಚ್ಚಿದೆ.’

ಅಷ್ಟು ಕೆಟ್ಟ ಮಾತನ್ನು ಆ ಮನೆಯಲ್ಲಿ ಹೇಗೆ ಆಡುವುದೆಂದು ನನಗೆ ಯಾರೂ ಕಲಿಸಿರಲಿಲ್ಲ. ಕೊನೆಯ ಸಾಲನ್ನಷ್ಟೇ ಗಟ್ಟಿಯಾಗಿ ಓದಿದೆ.

“ಈಗ ತುಂಬ ಹೆಚ್ಚಿದೆಯಂತೆ.”

ಒಲೆಯ ಮುಂದಿದ್ದ ಅತ್ತೆ ತಲೆಯೆತ್ತಿ ಕೇಳಿದರು, “ಎಷ್ಟು ಬಳೆಯಂತೆ?”