ಎಂಬತ್ತೊಂದನೆಯ ಕಂಬದವರೆಗೆ

ಸೀಟಿಯಮ್ಮ ಕರುಳಿಲ್ಲದ ಹೆಂಗಸು. ಜೈಲಿನ ಬದಲು ಹೆದ್ದಾರಿಯ ಕಸ ಎತ್ತಲು ನ್ಯಾಯಾಲಯ ಕಳುಹಿಸಿದವರೆಲ್ಲ ಮೊದಲ ದಿನವೇ ಹಾಗೆ ಹೇಳಿಕೊಳ್ಳುತ್ತಿದ್ದರು. ಅದು ಸುಳ್ಳೂ ಆಗಿರಲಿಲ್ಲ. ಇಪ್ಪತ್ತು ವರ್ಷ ಪೊರಕೆ ಹಿಡಿದು ಮೇಲ್ವಿಚಾರಕಿಯಾದವಳು. ಕೊರಳಲ್ಲಿ ಸೀಟಿ, ಕಂಕುಳಲ್ಲಿ ಹಾಜರಿ ಪುಸ್ತಕ. ಗಂಡ ಸತ್ತ ಮೂರನೆಯ ದಿನ ಕೆಲಸಕ್ಕೆ ಬಂದಾಗ, ಸಮಾಧಾನ ಹೇಳಲು ಹೋದವರಿಗೆ "ಬಾಯಿ ಮುಚ್ಚಿ, ಚೀಲ ಬಿಚ್ಚಿ" ಅಂದಿದ್ದಳಂತೆ.

ಅವಳು ದಿನವನ್ನು ಅಳೆಯುತ್ತಿದ್ದುದು ದೀಪದ ಕಂಬಗಳಿಂದ. ಒಬ್ಬೊಬ್ಬರಿಗೆ ಎಂಟು ಕಂಬಗಳ ದೂರ. ನಾಲ್ಕು ಗಂಟೆಗೆ ಅಷ್ಟೂ ಚೊಕ್ಕಟವಾಗಿದ್ದರೆ ಶಿಕ್ಷೆಯಲ್ಲಿ ಒಂದು ದಿನ ಕಳೆಯಿತು, ಇಲ್ಲದಿದ್ದರೆ ಇಲ್ಲ. ನಿನ್ನೆ ಬಸ್ ಕಂಡಕ್ಟರನ ಕಾಲಿಗೆ ಗಾಜು ಹೊಕ್ಕಾಗ ಅವನನ್ನು ಆಸ್ಪತ್ರೆಗೆ ಅಟ್ಟಿ, ಅವನ ಹೆಸರಿನ ಮುಂದೆ ಅಡ್ಡಗೆರೆ ಎಳೆದಿದ್ದಳು.

ಕ್ಷೌರಿಕನಿಗೆ ಆ ಗೆರೆಯದೇ ಭಯ. ಜಗಳದಲ್ಲಿ ಪಕ್ಕದಂಗಡಿಯವನನ್ನು ಮೆಟ್ಟಿಲಿನಿಂದ ತಳ್ಳಿದ್ದಕ್ಕೆ ಅವನಿಗೆ ಹನ್ನೆರಡು ದಿನ ಬಿದ್ದಿತ್ತು. ಇವತ್ತು ಹನ್ನೆರಡನೆಯದು, ಗಡುವೂ ಇವತ್ತೇ. ತಪ್ಪಿದರೆ ಮೂರು ತಿಂಗಳು ಒಳಗೆ.

ಅವನ ಪಾಲು ಎಂಬತ್ತೊಂದನೆಯ ಕಂಬದವರೆಗೆ; ಇನ್ನು ಮೂರೇ ಕಂಬ ಉಳಿದಿದ್ದವು. ಚೀಲ ತುಂಬಿತ್ತು. ಹೊಸ ಚೀಲಕ್ಕೆ ಹಿಂದೆ ನಿಂತಿದ್ದ ಕಸದ ಗಾಡಿಯ ತನಕ ನಡೆಯಬೇಕಲ್ಲ ಎಂದು, ಅಂಗೈಯಿಂದ ಕಸವನ್ನು ಕೆಳಕ್ಕೆ ಒತ್ತಿದ. ಒತ್ತಕೂಡದು ಎಂದು ಸೀಟಿಯಮ್ಮ ದಿನಾ ಬೆಳಿಗ್ಗೆ ಕಿರುಚುತ್ತಿದ್ದಳು.

ಹೆಬ್ಬೆರಳಿಗೆ ಚುರುಕ್ ಎಂದಿತು.

ಚೀಲದೊಳಗೆ ಇಣುಕಿದ. ಕವರಿನ ಮಡಿಕೆಯಲ್ಲಿ ಸೂಜಿಯಿದ್ದ ಸಿರಿಂಜು. ಕೈಗವಸು ಕಿತ್ತ. ರಕ್ತ ಒಂದೇ ಹನಿ, ಕುಂಕುಮದ ಚುಕ್ಕೆಯಷ್ಟು. ಯಾರ ಮೈಗೆ ಚುಚ್ಚಿದ ಸೂಜಿಯೋ! ಈ ಕೈಯಲ್ಲೇ ಕತ್ತಿ ಹಿಡಿಯಬೇಕು, ಇದೇ ಬೆರಳಿನಿಂದ ಗಿರಾಕಿಯ ಕೆನ್ನೆ ಎಳೆದು ಹಿಡಿಯಬೇಕು. ಹೇಳಿದರೆ ಆಸ್ಪತ್ರೆ, ಅಡ್ಡಗೆರೆ, ಜೈಲು. ಹೇಳದಿದ್ದರೆ? ಲಾರಿಯೊಂದು ಹಾದುಹೋಯಿತು, ಅವನು ಚೀಲದ ಮುಂದೆ ಕುಕ್ಕರಿಸಿದ.

"ಏನ್ ಭಾವಾ, ಕಸದ ಮುಂದೆ ಧ್ಯಾನಕ್ಕೆ ಕೂತ್ಯಾ?" ಆಚೆಯಿಂದ ಕಂಡಕ್ಟರ್ ಕುಂಟುತ್ತಾ ಕೂಗಿದ.

"ಏನಿಲ್ಲ, ಸುಮ್ನಿರೋ ಮಾರಾಯ."

ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ತಿರುಗಿದರೆ ಸೀಟಿಯಮ್ಮ ನಿಂತಿದ್ದಳು.

"ಕೈ ತೋರ್ಸು."

"ಮುಳ್ಳು ತಾಗಿದ್ದಮ್ಮಾ."

"ನಿನ್ ಮುಖ ನೋಡಿದ್ರೆ ಮುಳ್ಳಲ್ಲ. ತೋರ್ಸು."

ತೋರಿಸಿದ. ಅವಳು ಚೀಲದೊಳಗೆ ಒಮ್ಮೆ ನೋಡಿ, ಇಕ್ಕಳದಿಂದ ಸಿರಿಂಜನ್ನು ಎತ್ತಿ ತಗಡಿನ ಡಬ್ಬಿಗೆ ಹಾಕಿದಳು. ಗಾಡಿಯಿಂದ ನೀರು, ಸೋಪು ತರಿಸಿ ಅವನ ಬೆರಳನ್ನು ತೊಳೆಸಿದಳು. ಬಹಳ ಹೊತ್ತು ತೊಳೆಸಿದಳು.

"ಗಾಡಿ ಹತ್ತು, ಆಸ್ಪತ್ರೆಗೆ. ಸೂಜಿ ಚುಚ್ಚಿದ್ರೆ ಇವತ್ತೇ ಔಷಧಿ ಶುರು ಮಾಡ್ಬೇಕು. ನಾಳೆ ಅಂದ್ರೆ ಕೆಟ್ಟೆ."

"ಅಮ್ಮಾ, ನಿಮ್ ಕಾಲಿಗೆ ಬೀಳ್ತೀನಿ. ಇವತ್ತು ಕೊನೇ ದಿನ. ಮುಗಿಸೇ ಹೋಗ್ತೀನಿ, ಅರ್ಧ ಗಂಟೆ ಸಾಕು."

"ಈ ಅವಸರದಲ್ಲಿ ಇನ್ನೊಂದು ಚುಚ್ಕೋತೀಯ. ಹತ್ತು ಅಂದೆ."

ಅವನು ಹತ್ತಿದ. ಅವಳು ಪುಸ್ತಕ ತೆರೆದು ಅವನ ಹೆಸರಿನ ಮುಂದೆ ಪೆನ್ನು ಇಟ್ಟಳು. ಅವನು ಕಣ್ಣು ಮುಚ್ಚಿಕೊಂಡ.

"ಎಂಬತ್ತೊಂದರ ತನಕ ಚೊಕ್ಕಟ ಇರ್ಬೇಕು ಅಂತ ಇದೆ," ಎಂದಳು, ಪುಸ್ತಕಕ್ಕೇ ಹೇಳುವಂತೆ. "ಯಾರು ಎತ್ಬೇಕು ಅಂತ ಬರ್ದಿಲ್ಲ."

ಪೆನ್ನು ಮುಚ್ಚಿದ ಸದ್ದು ಕೇಳಿಸಿತು. ಗಾಡಿ ಹೊರಟಿತು. ಅವನು ಹಿಂದಿನ ಗಾಜಿನಲ್ಲಿ ನೋಡಿದ. ಸೀಟಿಯಮ್ಮ ಒಂದು ಕೈಯನ್ನು ಮಂಡಿಗೆ ಊರಿ ಬಗ್ಗಿ, ಪೊದೆಗೆ ಸಿಕ್ಕಿದ್ದ ಪ್ಲಾಸ್ಟಿಕ್ ಕವರನ್ನು ಇಕ್ಕಳದಿಂದ ಬಿಡಿಸುತ್ತಿದ್ದಳು. ಲಾರಿಯ ಗಾಳಿಗೆ ಕವರು ಹಾರಿತು. ಅವಳು ಅದರ ಹಿಂದೆ ಹೋದಳು.