ಮಾಳಿಗೆಯಿಂದ ಕಂಡ ಮಿಂಚು

ನನಗೆ ಮಿಂಚಿನ ಹುಚ್ಚು ಹಿಡಿದದ್ದು ಸಿರುಗುಪ್ಪದ ಬಸ್ಸಿನಲ್ಲಿ. ಅಲ್ಲಿನ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ಬಳ್ಳಾರಿಗೆ ಮರಳುತ್ತಿದ್ದೆ. ಕತ್ತಲಾಗಿತ್ತು. ಒಮ್ಮೆಲೇ ಆಕಾಶ ಈ ತುದಿಯಿಂದ ಆ ತುದಿಗೆ ಬಿರಿಯಿತು. ನೀರು ನಿಲ್ಲಿಸಿದ ಭತ್ತದ ಗದ್ದೆಗಳಲ್ಲೆಲ್ಲ ಅದೇ ಆಕಾಶ ಮತ್ತೊಮ್ಮೆ ಬಿರಿಯಿತು. ಬಸ್ಸಿನಲ್ಲಿದ್ದವರೆಲ್ಲ ಕಿಟಕಿ ಎಳೆದುಕೊಂಡರು. ನಾನು ಬಾಯಿ ತೆರೆದುಕೊಂಡು ಕೂತಿದ್ದೆ. ಬೋರ್ಡಿನ ಮೇಲೆ ಅಂಕುಡೊಂಕು ಗೆರೆ ಎಳೆದು ಇದೇ ಮಿಂಚು ಎಂದು ಮಕ್ಕಳಿಗೆ ಹೇಳುತ್ತಿದ್ದವಳಿಗೆ ನಿಜಕ್ಕೂ ನಾಚಿಕೆಯಾಯಿತು.

ಕ್ಯಾಮೆರಾ ಕೊಂಡೆ. ಮಿಂಚನ್ನು ಕಂಡ ಮೇಲೆ ಗುಂಡಿ ಒತ್ತಿದರೆ ಸಿಗುವುದು ಬರೀ ಕತ್ತಲೆ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಅದರ ಕಣ್ಣನ್ನು ಅರ್ಧ ನಿಮಿಷ ತೆರೆದಿಟ್ಟು, ಬರುವುದಾದರೆ ಬಾ ಎಂದು ಕಾಯಬೇಕು. ಬಳ್ಳಾರಿಯ ನಮ್ಮ ಮನೆಯಿಂದ ತೆಗೆದ ಚಿತ್ರಗಳಲ್ಲಿ ಮಿಂಚಿಗಿಂತ ಬೀದಿದೀಪ, ಕರೆಂಟಿನ ತಂತಿಗಳೇ ಹೆಚ್ಚು. ಸರಿಯಾದ ಕತ್ತಲೆ ಇದ್ದದ್ದು ಕುರುಗೋಡಿನ ಅಂಚಿನಲ್ಲಿರುವ ತವರುಮನೆಯಲ್ಲಿ. ಆದರೆ ಅಲ್ಲಿ ಅಪ್ಪ ಇದ್ದರು.

ಅಪ್ಪನ ಅಣ್ಣ ಸಿಡಿಲು ಬಡಿದು ಸತ್ತವರು. ಇಬ್ಬರೂ ಹೊಲದಿಂದ ಓಡಿ ಬರುತ್ತಿದ್ದರಂತೆ, ಅಪ್ಪ ಸ್ವಲ್ಪ ಹಿಂದಿದ್ದರಂತೆ. ಅಂದಿನಿಂದ ಗುಡುಗು ಕೇಳಿದರೆ ಸಾಕು, ಅವರು ಒಳಕೋಣೆ ಸೇರಿ ಮುಸುಕು ಹಾಕಿಕೊಳ್ಳುತ್ತಿದ್ದರು. ಯಾರಿಗೂ ಸೊಪ್ಪು ಹಾಕದ, ಜೋರು ಬಾಯಿಯ ಮನುಷ್ಯ ಹಾಗೆ ಮುದುಡುವುದನ್ನು ಕಂಡು ಚಿಕ್ಕವಳಿದ್ದಾಗ ನಾನು ನಕ್ಕು, ಅವ್ವನಿಂದ ಬೈಸಿಕೊಂಡದ್ದುಂಟು.

ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಕ್ಯಾಮೆರಾ ಹೊತ್ತು ಅಲ್ಲಿಗೆ ಹೋದೆ. ಸಂಜೆ ಗುಡ್ಡದ ಹಿಂದೆ ಮೋಡ ಕಟ್ಟಿತು. ಮಾಳಿಗೆ ಹತ್ತಬೇಡ ಎಂದು ಅಪ್ಪ ಹೇಳಿದರು, ಬೈದರು, ಕೊನೆಗೆ ಕೈ ಹಿಡಿದುಕೊಂಡರು. ಮಳೆ ಇನ್ನೂ ದೂರ ಇದೆ, ಹತ್ತಿರ ಬಂದರೆ ಇಳಿದುಬಿಡುತ್ತೇನೆ ಎಂದು ನಾನು, ಮಿಂಚಿದ ಮೇಲೆ ಗುಡುಗು ಕೇಳುವವರೆಗೆ ಎಣಿಸಿ ದೂರ ತಿಳಿಯುವ, ಗುಡುಗಿನ ಲೆಕ್ಕದ ಪಾಠ ಶುರುಮಾಡಿದೆ.

"ನಿನ್ನ ಲೆಕ್ಕ ನಿನಗ ಗೊತ್ತೈತಿ. ಅದಕ್ಕ ಗೊತ್ತಿಲ್ಲವ್ವ," ಅಂದರು ಅಪ್ಪ.

ನಾನು ಹಟಮಾರಿ. ಆ ಗುಣ ಬಂದದ್ದೂ ಅವರಿಂದಲೇ. ಕೈ ಬಿಡಿಸಿಕೊಂಡು ಹತ್ತಿದೆ.

ಅಲ್ಲಿ ಕಂಡದ್ದನ್ನು ಹೇಗೆ ಹೇಳಲಿ. ಗುಡ್ಡದ ಬಂಡೆಗಳು ಒಂದೊಂದೂ ಎದ್ದು ನಿಂತಂತೆ ಕಂಡು ಮತ್ತೆ ಇಲ್ಲವಾಗುತ್ತಿದ್ದವು. ಮಿಂಚು ಮೋಡದೊಳಗೇ ಅಲೆದಾಡಿ, ಆಲದ ಬೇರಿನಂತೆ ಕವಲೊಡೆದು, ಸದ್ದಿಲ್ಲದೆ ಆರಿಹೋಗುತ್ತಿತ್ತು. ಗುಡುಗು ಆಮೇಲೆ ಬಂದು ಎದೆಗೂಡನ್ನು ಅಲುಗಿಸುತ್ತಿತ್ತು. ನಾನೆಷ್ಟು ಸಣ್ಣವಳು ಅನ್ನಿಸಿತು, ಹಾಗನ್ನಿಸಿದ ಸಂತೋಷಕ್ಕೆ ಕಣ್ಣು ತುಂಬಿಬಂತು. ಗುಡುಗಿನ ಲೆಕ್ಕ ಯಾವಾಗ ತಪ್ಪಿತೋ ತಿಳಿಯಲಿಲ್ಲ. ಹನಿ ಬೀಳತೊಡಗಿದರೂ ಇಳಿಯುವ ಮನಸ್ಸಾಗಲಿಲ್ಲ.

ಒಂದು ದೊಡ್ಡ ಮಿಂಚು ಬಂತು, ಸಿಕ್ಕಿತು ಎಂದು ಹಿಗ್ಗಿ ಪರದೆ ನೋಡಿದೆ. ಗುಡ್ಡ, ಮೋಡ, ನೆಲ ಮುಟ್ಟಿದ ಬೆಳ್ಳಿಗೆರೆ. ಕೆಳಗೆ, ಬರಿಹೊಲದಲ್ಲಿ, ಹೆಗಲ ಮೇಲೆ ಹಾರೆ, ಕೈಯಲ್ಲಿ ಗುದ್ದಲಿ ಹಿಡಿದು ನಡೆಯುತ್ತಿದ್ದ ಒಬ್ಬ ಮನುಷ್ಯ. ಚಿತ್ರವನ್ನು ಹಿಗ್ಗಿಸಿದೆ. ಅಪ್ಪ.

ಸಿಡಿಲಿನ ಮಳೆ ಬಂದರೆ ಮನೆಯಲ್ಲಿನ ಕಬ್ಬಿಣವನ್ನು ಅಂಗಳಕ್ಕೆ ಎಸೆಯುವುದು ನಮ್ಮಲ್ಲಿನ ಪದ್ಧತಿ. ಸಿಡಿಲು ಕಬ್ಬಿಣವನ್ನು ಹುಡುಕಿಕೊಂಡು ಹೋಗಿ ಮನೆಯವರನ್ನು ಬಿಡುತ್ತದೆ ಎಂದು ನಂಬಿಕೆ. ಅಂಗಳ ಮಾಳಿಗೆಗೆ ತೀರಾ ಹತ್ತಿರವೆಂದು ಅಪ್ಪ ಅದನ್ನೆಲ್ಲ ಹೊತ್ತು ಬಯಲಿಗೆ ನಡೆದಿದ್ದರು. ಸುತ್ತ ಒಂದು ಗಿಡವಿರಲಿಲ್ಲ. ಆ ಹೊಲದಲ್ಲಿ ಎಲ್ಲಕ್ಕಿಂತ ಎತ್ತರವಾಗಿ ನಿಂತದ್ದು ಅವರೇ.

ಮೆಟ್ಟಿಲಿಳಿದು ಹೇಗೆ ಓಡಿದೆನೋ ಗೊತ್ತಿಲ್ಲ. ಬದುವಿನ ಹತ್ತಿರ ಎದುರಾದರು, ಬರಿಗೈಯಲ್ಲಿ, ಮೈಯೆಲ್ಲ ಗಡಗಡ ನಡುಗುತ್ತ. ಬಯಲಲ್ಲಿ ನಿಂತವರನ್ನೇ ಸಿಡಿಲು ಹೊಡೆಯುವುದು ಎಂದು ಕೂಗಬೇಕೆಂದಿದ್ದವಳು ತೋಳು ಹಿಡಿದು ಎಳೆದುಕೊಂಡು ಬಂದು ಬಾಗಿಲು ಹಾಕಿದೆ. ಆಮೇಲೂ ಅವರ ತೋಳು ಬಿಡಲಿಲ್ಲ. ನಾನು ಸಿಡಿಲಿಗೆ ಹೆದರಿದ್ದೇನೆಂದು ಅವರಿಗೆ ಅನ್ನಿಸಿರಬೇಕು, ತಲೆಯ ಮೇಲೆ ಕೈಯಿಟ್ಟರು.

"ಎಲ್ಲಾ ದೂರ ಒಯ್ದು ಇಟ್ಟು ಬಂದೀನಿ," ಅಂದರು. "ಈಗ ಹೋಗಿ ಫೋಟೋ ತಕ್ಕೋ ಹೋಗವ್ವ."